ಬಾಣಲೆ ನೋಡಿ, ಬಕೆಟ್ಟೂ ನೋಡಿ

ಕಳೆದ ಡಿಸೆಂಬರಿನಲ್ಲಿ ನಮ್ಮಕ್ಕನ ಮಗಳು ನ್ಯೂಜೆರ್ಸಿಯಿಂದ ಮಕ್ಕಳಿಬ್ಬರನ್ನು ಕರೆದುಕೊಂಡು ಕಡೂರಿಗೆ ಬಂದಳು. ರೈಲಿಳಿದು ಸ್ಟೇಷನ್ನಿನ ಹೊರಗೆ ಕಾಲಿಟ್ಟದ್ದೇ ತಡ, ಅವಳ ಕಣ್ಣು ಮಂಡಕ್ಕಿ ಗಾಡಿಯ ಮೇಲೆ ಬಿತ್ತು. "ಮಾಮ, ಬ್ಯಾಗು ಆಮೇಲೆ ಇಡಾಣ. ಮೊದಲು ಮಂಡಕ್ಕಿ ಮೆಣಸಿನಕಾಯಿ" ಎಂದಳು. ಅವಳ ಗಂಡ ಅಲ್ಲಿಂದಲೇ ಫೋನಿನಲ್ಲಿ, ಮಕ್ಕಳಿಗೆ ಬೀದಿಯದ್ದೇನೂ ಕೊಡಬೇಡಿ ಎಂದು ಮೂರು ಸಲ ಹೇಳಿದ್ದ. ತಾಯಿ ಹೊಟ್ಟೆ ತುಂಬ ತಿಂದಳು. ಮಕ್ಕಳೂ ಮೂಗು ಒರೆಸಿಕೊಳ್ಳುತ್ತ ತಲಾ ಅರ್ಧ ಬಜ್ಜಿ ತಿಂದವು. ಯಾರಿಗೂ ಏನೂ ಆಗಲಿಲ್ಲ.

ಐದನೆಯ ದಿನ ಒಂದು ಮದುವೆ. ಎಸಿ ಹಾಕಿದ ಕಲ್ಯಾಣ ಮಂಟಪ, ಕೈಗವಸು ತೊಟ್ಟ ಬಡಿಸುವವರು, ಬಣ್ಣಬಣ್ಣವಾಗಿ ಜೋಡಿಸಿಟ್ಟ ಹೆಚ್ಚಿದ ಹಣ್ಣು, ಐಸ್ ತೇಲುವ ಜ್ಯೂಸು. ಅವತ್ತು ರಾತ್ರಿ ಮಕ್ಕಳಿಬ್ಬರಿಗೂ ವಾಂತಿ, ಭೇದಿ. ಮನೆಮಂದಿಯ ತೀರ್ಪು ಮಾತ್ರ ಒಂದೇ: "ಅವತ್ತು ಆ ಗಾಡಿ ಹತ್ರ ತಿನ್ನಿಸಿದ್ದಕ್ಕೇ ಹಿಂಗಾಗಿದ್ದು."

ಗಾಡಿಯವನ ಪರ ವಕಾಲತ್ತು ಹಾಕಲು ನಾನು ಇದನ್ನು ಬರೆಯುತ್ತಿಲ್ಲ. ಆದರೆ ನಾವು ಹೆದರುವುದು ಒಂದಕ್ಕೆ, ನಮಗೆ ಪೆಟ್ಟು ಕೊಡುವುದು ಇನ್ನೊಂದು. ಬೀದಿಯ ಧೂಳು, ಗಾಡಿಯ ತುಕ್ಕು, ಮಾಡುವವನ ಕೊಳೆ ಬನಿಯನ್ನು ಕಣ್ಣಿಗೆ ಕಾಣುತ್ತವೆ, ಅದಕ್ಕೇ ಹೆದರುತ್ತೇವೆ. ಹೊಟ್ಟೆ ಕೆಡಿಸುವುದು ಹೆಚ್ಚಾಗಿ ಎರಡೇ: ನೀರು ಮತ್ತು ಹೊತ್ತು. ನೀರು ಎಂದರೆ ಕುದಿಯದೆ ಬಾಯಿಗೆ ಬಂದ ನೀರು, ಅದು ಐಸಿನಲ್ಲಿರಬಹುದು, ಚಟ್ನಿಯಲ್ಲಿರಬಹುದು, ತಟ್ಟೆ ತೊಳೆದ ಬಕೆಟ್ಟಿನಲ್ಲಿರಬಹುದು. ಹೊತ್ತು ಎಂದರೆ ಒಲೆಯಿಂದ ಇಳಿದ ಮೇಲೆ ಆ ಪದಾರ್ಥ ಕಾದು ಕೂತ ಗಂಟೆಗಳು. ಕುದಿಯುವ ಎಣ್ಣೆಯಿಂದ ಎತ್ತಿ ಕೈಗೆ ಕೊಟ್ಟ ಬಜ್ಜಿಯಲ್ಲಿ ಈ ಎರಡೂ ಇರಲಿಲ್ಲ. ಮಂಟಪದ ಹಣ್ಣಿನ ತಟ್ಟೆಯಲ್ಲಿ ಎರಡೂ ಇದ್ದವು.

ಕೊನೆಯದಾಗಿ ತಿಂದದ್ದೇ ಕೆಟ್ಟದ್ದೆಂದು ಹೇಳಲೂ ಬರುವುದಿಲ್ಲ. ಆಹಾರದಲ್ಲಿ ಮೊದಲೇ ವಿಷ ಮಾಡಿಟ್ಟುಕೊಂಡ ಸ್ಟ್ಯಾಫಿಲೊಕಾಕಸ್‌ನಂಥ ಬ್ಯಾಕ್ಟೀರಿಯಾ ಆರೇಳು ಗಂಟೆಯೊಳಗೆ ವಾಂತಿ ಮಾಡಿಸುತ್ತದೆ. ಸಾಲ್ಮೊನೆಲ್ಲಾ ಅರ್ಧ ದಿನದಿಂದ ಹಿಡಿದು ಕೆಲವು ದಿನ ತೆಗೆದುಕೊಳ್ಳಬಹುದು. ಟೈಫಾಯ್ಡ್ ಜ್ವರ ಏರಲು ಒಂದರಿಂದ ಮೂರು ವಾರ ಬೇಕು. ಕಾಮಾಲೆ ತರುವ ಹೆಪಟೈಟಿಸ್ ಎ ಸುಮಾರು ನಾಲ್ಕು ವಾರ ಸುಮ್ಮನಿರುತ್ತದೆ. ಅಂದರೆ ಇವತ್ತಿನ ಕಾಮಾಲೆಗೆ ನಿನ್ನೆಯ ಗೋಬಿಯನ್ನು ಬಯ್ಯುವುದು ಹೋದ ತಿಂಗಳ ಕಳ್ಳತನಕ್ಕೆ ಇವತ್ತಿನ ದಾರಿಹೋಕನನ್ನು ಹಿಡಿದಂತೆ.

ಯಾರಿಗೆ ಯಾವುದು ಪರದೇಶ

ಬೀದಿಯಲ್ಲಿ ತಿನ್ನುವ ಎಚ್ಚರ ಎಂದರೆ ಬ್ಯಾಂಕಾಕಿಗೋ ಬಾಲಿಗೋ ಹೊರಟವರಿಗೆ ಹೇಳುವ ಮಾತು ಎಂದುಕೊಳ್ಳುತ್ತೇವೆ. ಆದರೆ ನ್ಯೂಜೆರ್ಸಿಯ ಎಡಿಸನ್ನಿನಲ್ಲೋ ಡಬ್ಲಿನ್‌ನಲ್ಲೋ ಹುಟ್ಟಿದ ಮೊಮ್ಮಗುವಿಗೆ ಕಡೂರೇ ಪರದೇಶ. ಅಮೆರಿಕದಲ್ಲಿ ಪತ್ತೆಯಾಗುವ ಟೈಫಾಯ್ಡ್ ಹೆಚ್ಚಾಗಿ ಹೊರದೇಶ ಸುತ್ತಿ ಬಂದವರಲ್ಲಿ, ಅವರಲ್ಲೂ ಭಾರತ, ಪಾಕಿಸ್ತಾನ, ಬಾಂಗ್ಲಾದೇಶದ ತಮ್ಮವರನ್ನು ನೋಡಿಕೊಂಡು ಹೋದವರಲ್ಲಿ ಕಾಣುತ್ತದೆ. ಕಾರಣ ಕಷ್ಟದ್ದೇನಲ್ಲ. ಹೋಟೆಲಿನಲ್ಲಿ ಉಳಿದ ಪ್ರವಾಸಿ ಬಾಟಲಿ ನೀರು ಕುಡಿಯುತ್ತಾನೆ. ತವರಿಗೆ ಬಂದ ಮಗಳು ಬಾವಿಕಟ್ಟೆಯ ತಂಬಿಗೆಯನ್ನೇ ಎತ್ತುತ್ತಾಳೆ. 'ನಾವು ಇಲ್ಲೇ ಹುಟ್ಟಿ ಬೆಳೆದವರು, ನಮಗೇನಾಗುತ್ತೆ' ಎನ್ನುವ ಧೈರ್ಯ ಬೇರೆ. ಹತ್ತು ವರ್ಷ ದೂರವಿದ್ದ ಹೊಟ್ಟೆಗೆ ಆ ಹಳೆಯ ರೂಢಿ ಉಳಿದಿರುವುದಿಲ್ಲ, ಮಕ್ಕಳಿಗಂತೂ ಅದು ಬಂದೇ ಇರುವುದಿಲ್ಲ.

ಆದ್ದರಿಂದ ಟಿಕೆಟ್ ಬುಕ್ ಮಾಡಿದಾಗಲೇ ಟೈಫಾಯ್ಡ್ ಲಸಿಕೆಯ ಮಾತು ತೆಗೆಯಿರಿ. ಚುಚ್ಚುಮದ್ದು ಹೊರಡುವ ಎರಡು ವಾರ ಮೊದಲಾದರೂ ಆಗಿರಬೇಕು. ಈಗಿನ ಕಾಂಜುಗೇಟ್ ಲಸಿಕೆಯನ್ನು ಆರು ತಿಂಗಳ ಕೂಸಿನಿಂದಲೇ ಕೊಡಬಹುದು. ಹೈದರಾಬಾದಿನ ಭಾರತ್ ಬಯೋಟೆಕ್ ತಯಾರಿಸಿದ ಇಂಥ ಲಸಿಕೆ ವಿಶ್ವ ಆರೋಗ್ಯ ಸಂಸ್ಥೆಯ ಮಾನ್ಯತೆ ಪಡೆದಿದೆ. ಹೆಪಟೈಟಿಸ್ ಎ ಲಸಿಕೆಯ ಬಗ್ಗೆಯೂ ಕೇಳಿ. ಇಲ್ಲಿಂದ ಹೊರದೇಶಕ್ಕೆ ಹೊರಟವರಿಗೂ ಇದೇ ಮಾತು.

ಗಾಡಿಯ ಮುಂದೆ ಎರಡು ನಿಮಿಷ

ಕಡೂರು, ಬೀರೂರು, ತರೀಕೆರೆ, ಅಜ್ಜಂಪುರ ಎಲ್ಲ ರೈಲು ನಿಲ್ಲುವ ಊರುಗಳು. ಹಳಿಗಳು ಬೀರೂರಿನಲ್ಲಿ ಕವಲೊಡೆದು ಒಂದು ತರೀಕೆರೆ ದಾರಿಯಾಗಿ ಶಿವಮೊಗ್ಗಕ್ಕೂ ಇನ್ನೊಂದು ಅಜ್ಜಂಪುರದ ಮೇಲೆ ಹುಬ್ಬಳ್ಳಿ ಕಡೆಗೂ ಹೋಗುತ್ತವೆ. ಕಡೂರಿನಿಂದ ಚಿಕ್ಕಮಗಳೂರಿಗೆ 2013ರಲ್ಲಿ ರೈಲು ಬಂತು. ಜನ ಇಳಿದು ಹತ್ತುವ ಕಡೆ ತಿಂಡಿ ಗಾಡಿ ಇದ್ದೇ ಇರುತ್ತದೆ. ಸಂಜೆ ಐದಕ್ಕೆ ಬಸ್ ಸ್ಟ್ಯಾಂಡ್ ಸುತ್ತ ಬಾಣಲೆಗಳ ಸದ್ದು ಶುರು.

ಬೇಕಾದ್ದನ್ನು ಕೇಳುವ ಮೊದಲು ಎರಡು ನಿಮಿಷ ಸುಮ್ಮನೆ ನಿಂತು ನೋಡಿ. ಮೊದಲು ನೋಡಬೇಕಾದ್ದು ಬಾಣಲೆಯನ್ನಲ್ಲ, ಗಾಡಿಯ ಹಿಂದಿನ ಬಕೆಟ್ಟನ್ನು. ಎಂಜಲು ತಟ್ಟೆಗಳನ್ನು ಒಂದೇ ಬಕೆಟ್ ನೀರಿನಲ್ಲಿ ಅದ್ದಿ, ಅದ್ದಿ ಎತ್ತುತ್ತಿದ್ದರೆ, ನಿಮ್ಮ ಬಿಸಿ ಇಡ್ಲಿ ಇಪ್ಪತ್ತು ಜನರ ಎಂಜಲಿನ ಮೇಲೆ ಕೂತು ಬರುತ್ತದೆ. ಹಾಗಿದ್ದರೆ ಹಾಳೆ ತಟ್ಟೆಯಲ್ಲಿ ಕೊಡಿ ಎನ್ನಿ. ಅಡಿಕೆ ಸೀಮೆ ನಮ್ಮದು, ಹಾಳೆ ತಟ್ಟೆಗೆ ಬರವಿಲ್ಲ. (ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2025ರಲ್ಲಿ ಈ ತಟ್ಟೆಗಳ ಆಮದಿಗೆ ತಡೆ ಒಡ್ಡಿತು, ಅಡಿಕೆಯ ರಾಸಾಯನಿಕ ಊಟಕ್ಕೆ ಇಳಿಯಬಹುದೆಂಬ ಅನುಮಾನದಿಂದ. ಅಪರೂಪಕ್ಕೊಂದು ಪ್ಲೇಟ್ ಬಜ್ಜಿ ತಿನ್ನುವವನು ಆ ಅನುಮಾನಕ್ಕಿಂತ ಬಕೆಟ್ಟಿಗೆ ಹೆಚ್ಚು ಹೆದರಬೇಕು ಎನ್ನುವುದು ನನ್ನ ಲೆಕ್ಕ.) ಪೇಪರಿನಲ್ಲಿ ಕಟ್ಟಿಕೊಡಲು ಬಂದರೆ ಬೇಡವೆನ್ನಿ. ಸುದ್ದಿಪತ್ರಿಕೆಯಲ್ಲಿ ತಿಂಡಿ ಕಟ್ಟುವುದನ್ನು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2018ರ ನಿಯಮದಲ್ಲಿ ನಿಷೇಧಿಸಿದೆ. ಎಣ್ಣೆ ಹೀರಿದ ಪೇಪರು ತನ್ನ ಶಾಯಿಯನ್ನು ಬಜ್ಜಿಗೆ ದಾಟಿಸುತ್ತದೆ.

ಎರಡನೆಯದು ಕೈ. ದುಡ್ಡು ಎಣಿಸಿದ ಕೈಯೇ ಮಂಡಕ್ಕಿ ಕಲಸುತ್ತಿದೆಯೇ? ಗಂಡ ಕರಿಯುತ್ತಾನೆ, ಹೆಂಡತಿ ದುಡ್ಡು ತೆಗೆದುಕೊಳ್ಳುತ್ತಾಳೆ ಎನ್ನುವಂಥ ಗಾಡಿ ಸಿಕ್ಕರೆ ಅಲ್ಲೇ ನಿಲ್ಲಿ. ಫೋನಿನಿಂದ ದುಡ್ಡು ಕಟ್ಟುವ ಪದ್ಧತಿ ಬಂದಮೇಲೆ ಈ ತೊಂದರೆ ಕೊಂಚ ತಗ್ಗಿದೆ, ಕ್ಯೂಆರ್ ಕೋಡಿನ ಈ ಒಂದು ಲಾಭವನ್ನು ಯಾರೂ ಹೇಳುವುದಿಲ್ಲ. ಮೂರನೆಯದು ಜನ. ಗಿರಾಕಿ ಮುತ್ತಿದ ಗಾಡಿಯಲ್ಲಿ ಪದಾರ್ಥ ಕಾದು ಕೂರುವುದಿಲ್ಲ. ಖಾಲಿ ಗಾಡಿಯ ತಟ್ಟೆಯಲ್ಲಿ ಗುಡ್ಡೆ ಹಾಕಿದ ಬೋಂಡಾ ಯಾವಾಗಿನದೋ. ಅದನ್ನೇ ಮತ್ತೆ ಎಣ್ಣೆಗೆ ಅದ್ದಿ ಬಿಸಿ ಮಾಡಿ ಕೊಡುವ ಚಾಳಿ ಇದೆ, ಅದು ಮೇಲೆ ಬಿಸಿ, ಒಳಗೆ ತಣ್ಣಗೆ. "ಅಣ್ಣಾ, ಹೊಸದಾಗಿ ಬಿಡೋದು ಕೊಡು, ಕಾಯ್ತೀನಿ" ಎಂದರೆ ಯಾರೂ ಮುನಿಸಿಕೊಳ್ಳುವುದಿಲ್ಲ.

ಎಣ್ಣೆ ಕಪ್ಪಾಗಿ, ನೊರೆಯೇಳುತ್ತ, ಬಜ್ಜಿ ಬಿಡುವ ಮೊದಲೇ ಹೊಗೆಯಾಡುತ್ತಿದ್ದರೆ ಅದು ಬಹಳ ಸಲ ಕಾದ ಎಣ್ಣೆ. ಹೀಗೆ ಪದೇ ಪದೇ ಕಾದ ಎಣ್ಣೆಯಲ್ಲಿ ಹೆಚ್ಚುವ ಪೋಲಾರ್ ಸಂಯುಕ್ತಗಳು ಶೇ 25 ಮೀರಬಾರದೆಂಬ ನಿಯಮ 2018ರ ಜುಲೈನಿಂದ ಇದೆ. ಅದನ್ನು ಅಳೆಯುವ ಯಂತ್ರ ನಮ್ಮ ಜೇಬಿನಲ್ಲಿರುವುದಿಲ್ಲ, ಮೂಗು ಇರುತ್ತದೆ.

ಗಾಡಿಗೂ ನೋಂದಣಿ ಬೇಕು. 14 ಅಂಕಿಗಳ ಎಫ್‌ಎಸ್‌ಎಸ್‌ಎಐ ಸಂಖ್ಯೆ 2ರಿಂದ ಶುರುವಾದರೆ ಸಣ್ಣ ವ್ಯಾಪಾರಿಯ ನೋಂದಣಿ, 1ರಿಂದ ಆದರೆ ದೊಡ್ಡವರ ಪರವಾನಗಿ. ಅದು ಇದ್ದಮಾತ್ರಕ್ಕೆ ಬಕೆಟ್ ನೀರು ಬದಲಾಗುವುದಿಲ್ಲ.

ಯಾವುದು ತಿನ್ನಬಹುದು, ಯಾವುದು ಬಿಡಬೇಕು

ಇಡ್ಲಿ ನಮ್ಮ ಪುಣ್ಯ. ಹುಳಿ ಬಂದ ಹಿಟ್ಟು, ಹಬೆಯಲ್ಲಿ ಬೆಂದದ್ದು. ತಟ್ಟೆ ಇಡ್ಲಿಯನ್ನು ಹಬೆಯಾಡುವಾಗಲೇ ತೆಗೆದುಕೊಟ್ಟರೆ ಅದಕ್ಕಿಂತ ನಿಶ್ಚಿಂತೆಯ ಬೀದಿ ತಿಂಡಿ ಇಲ್ಲ. ಪಡ್ಡು, ದೋಸೆ, ಆಮ್ಲೆಟ್, ಸುಟ್ಟ ಜೋಳ, ಬೇಯಿಸಿದ ಕಡಲೆಕಾಯಿ ಇದೇ ಜಾತಿಯವು.

ಕೆಡುವುದು ಚಟ್ನಿ. ತೆಂಗಿನ ಸೀಮೆಯಲ್ಲಿ ಹುಟ್ಟಿದವನು ಹೀಗೆ ಹೇಳಬಾರದು, ಆದರೂ ಹೇಳಬೇಕು. ಬೆಳಗಿನ ಜಾವ ರುಬ್ಬಿದ ಕಾಯಿ ಚಟ್ನಿಗೆ ನೀರು, ಸಕ್ಕರೆಯಂಶ, ಕೊಬ್ಬು ಎಲ್ಲ ಇದೆ, ಹುಳಿ ಇಲ್ಲ, ಕುದಿ ಇಲ್ಲ. ಬ್ಯಾಕ್ಟೀರಿಯಾಕ್ಕೆ ಹಬ್ಬದೂಟ. ಮೇಲೆ ಹಾಕಿದ ಒಗ್ಗರಣೆ ಅದನ್ನು ಕಾಯುವುದಿಲ್ಲ. ಅಡುಗೆ 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಎರಡು ಗಂಟೆಗಿಂತ ಹೆಚ್ಚು ಇರಬಾರದು, ಹೊರಗೆ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ ಎನ್ನುವುದು ಸಾಮಾನ್ಯ ಲೆಕ್ಕ. ಏಪ್ರಿಲ್‌ನ ಕಡೂರು ಬಯಲಿನಲ್ಲಿ ಹನ್ನೊಂದು ಗಂಟೆಯ ಚಟ್ನಿ ಈ ಲೆಕ್ಕದಲ್ಲಿ ಎಲ್ಲಿ ನಿಲ್ಲುತ್ತದೆ ನೋಡಿಕೊಳ್ಳಿ. ಬೆಳಗ್ಗೆ ಎಂಟರೊಳಗೆ ಚಟ್ನಿ, ಆಮೇಲೆ ಕುದಿಯುವ ಸಾಂಬಾರ್ ಅಥವಾ ಚಟ್ನಿಪುಡಿ. ನಾನು ಪಾಲಿಸುವ ನಿಯಮ ಇಷ್ಟೇ.

ಮಂಡಕ್ಕಿಯಲ್ಲಿ ನೀರಿನಂಶ ತೀರ ಕಡಿಮೆ, ಅದರಿಂದ ಭಯವಿಲ್ಲ. ಭಯವಿರುವುದು ಮೇಲೆ ಉದುರಿಸುವ ಹಸಿ ಈರುಳ್ಳಿ, ಟೊಮೆಟೊ, ಕೊತ್ತಂಬರಿಯಲ್ಲಿ. ಮಕ್ಕಳಿಗೆ, ಹೊರಗಿನಿಂದ ಬಂದವರಿಗೆ ಒಗ್ಗರಣೆ ಹಾಕಿದ ಖಾರ ಮಂಡಕ್ಕಿ, ಜತೆಗೆ ಬಾಣಲೆಯಿಂದ ನೇರ ಮೆಣಸಿನಕಾಯಿ ಕೊಡಿಸಿ. ಈರುಳ್ಳಿ ಬೇಕೇ ಬೇಕೆಂದರೆ ಕಣ್ಣೆದುರು ಹೆಚ್ಚಿಸಿಕೊಳ್ಳಿ.

ಎಗ್ ರೈಸ್, ಲೆಮನ್ ರೈಸ್ ಬಗ್ಗೆ ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ವಿಷಯವಿದೆ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಅನ್ನ ಬೆಂದರೂ ಸಾಯುವುದಿಲ್ಲ. ಬೆಳಗ್ಗೆ ಬಸಿದು ಹರವಿಟ್ಟ ಅನ್ನದಲ್ಲಿ ಅವು ಮೊಳೆತು ವಿಷ ಉಗುಳುತ್ತವೆ. ಆ ವಿಷ ಸಂಜೆಯ ಬಾಣಲೆಯ ಬಿಸಿಗೂ ಜಗ್ಗುವುದಿಲ್ಲ. ಅಂದರೆ ಹೊಗೆಯಾಡುವ ಎಗ್ ರೈಸ್ ಕೂಡ ನಿಶ್ಚಿಂತೆಯದಲ್ಲ. ಸಂಜೆ ಅನ್ನ ಮಾಡಿ ಅಂದೇ ಮುಗಿಸುವ ಗಾಡಿ ಯಾವುದೆಂದು ಊರಿನವರನ್ನು ಕೇಳಿ, ಅವರಿಗೆ ಗೊತ್ತಿರುತ್ತದೆ.

ಪಾನಿಪೂರಿಯಲ್ಲಿ ಪೂರಿ ತಂಟೆಯಿಲ್ಲ, ಪಾನಿಯದ್ದೇ ಪಾಡು. 2022ರ ಜೂನ್‌ನಲ್ಲಿ ನೇಪಾಳದ ಲಲಿತಪುರ ಮಹಾನಗರಪಾಲಿಕೆ ಕಾಲರಾ ಕಾಣಿಸಿಕೊಂಡಾಗ ಪಾನಿಪೂರಿ ಮಾರಾಟವನ್ನೇ ನಿಲ್ಲಿಸಿತು. ನೀರಿನಲ್ಲಿ ಕಾಲರಾದ ಬ್ಯಾಕ್ಟೀರಿಯಾ ಇತ್ತು ಎಂಬುದು ಕಾರಣ. ಮಳೆಗಾಲದಲ್ಲಿ ಪಾನಿಪೂರಿ ಬೇಡ. ಬಸುರಿಯರಿಗೆ ಯಾವ ಕಾಲದಲ್ಲೂ ಬೇಡ, ಏಕೆಂದರೆ ನೀರಿನಿಂದ ಬರುವ ಹೆಪಟೈಟಿಸ್ ಇ ಅವರಿಗೆ ಪ್ರಾಣಾಂತಿಕವಾಗಬಹುದು. ಆಸೆ ತಡೆಯದಿದ್ದರೆ ಮಸಾಲೆ ಪೂರಿ ತಿನ್ನಿ, ಅದರ ಬಟಾಣಿ ಗ್ರೇವಿ ಕುದಿಯುತ್ತಲೇ ಇರುತ್ತದೆ.

ಬಣ್ಣದ ವಿಚಾರ ಬೇರೆ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು, ಬಾಂಬೆ ಮಿಠಾಯಿಗೆ ರೊಡಮೈನ್-ಬಿ ಬೆರೆಸುವುದನ್ನು ನಿಷೇಧಿಸಿತು. ಪರೀಕ್ಷಿಸಿದ 171 ಗೋಬಿ ಮಾದರಿಗಳಲ್ಲಿ 107ರಲ್ಲಿ ಕೃತಕ ಬಣ್ಣ ಸಿಕ್ಕಿತ್ತು. ಅದೇ ವರ್ಷ ಕಬಾಬಿಗೂ ನಿಷೇಧ ಹಬ್ಬಿತು. ರೊಡಮೈನ್-ಬಿ ಬಟ್ಟೆಗೆ ಹಾಕುವ ಬಣ್ಣ. ಕೆಂಡದಂಥ ಕೆಂಪು ಗೋಬಿ ಕಂಡರೆ ಮುಂದಿನ ಗಾಡಿಗೆ ನಡೆಯಿರಿ. ಬ್ಯಾಡಗಿ ಮೆಣಸಿನಕಾಯಿ ಕೊಡುವ ಕೆಂಪು ಅಷ್ಟು ಕಣ್ಣು ಕುಕ್ಕುವುದಿಲ್ಲ. ಅಜಿನೊಮೊಟೊ ಬಗ್ಗೆ ಎಲ್ಲರೂ ಗಲಾಟೆ ಮಾಡುತ್ತಾರೆ. ನನ್ನ ಪಟ್ಟಿಯಲ್ಲಿ ಅದು ಬಕೆಟ್, ಚಟ್ನಿ, ಐಸು, ಹಳೆ ಅನ್ನ, ಬಣ್ಣ ಎಲ್ಲ ಆದಮೇಲೆ ಬರುತ್ತದೆ.

ಎಳನೀರು, ಕಬ್ಬಿನ ಹಾಲು, ಪಾನಕ

ಕುಡಿಯುವುದಕ್ಕೆ ಎಳನೀರಿಗಿಂತ ಮಿಗಿಲಿಲ್ಲ, ಪ್ರಕೃತಿಯೇ ಸೀಲ್ ಮಾಡಿದ್ದು. ಕಾಯಿ ಕೊಚ್ಚಿದ ಕೂಡಲೇ ಅದರಿಂದಲೇ ಕುಡಿಯಿರಿ, ಸ್ಟ್ರಾ ಬೇಡ. ಕಬ್ಬಿನ ಹಾಲು ಹಿಂಡುವಾಗ ಐಸು, ಗಾಣದ ಉರುಳೆಗೆ ಮುತ್ತುವ ನೊಣ, ಲೋಟ ಅದ್ದುವ ನೀರು ಮೂರನ್ನೂ ನೋಡಬೇಕು. ಮೀನು ಇಡಲು, ಸರಕು ತಣ್ಣಗಿಡಲು ಮಾಡುವ ಐಸಿಗೆ ನೀಲಿ ಬಣ್ಣ ಬೆರೆಸಬೇಕೆಂದು ಎಫ್‌ಎಸ್‌ಎಸ್‌ಎಐ 2018ರಲ್ಲಿ ಹೇಳಿತು. ಬಿಳಿ ಗಡ್ಡೆಯನ್ನು ಗೋಣಿಚೀಲದಲ್ಲಿ ಸುತ್ತಿ, ನೆಲದ ಮೇಲೆ ಕುಟ್ಟಿ ಹಾಕುವುದನ್ನು ಯಾವ ನಿಯಮ ತಡೆದೀತು? "ಐಸ್ ಬೇಡ" ಎನ್ನುವ ಎರಡು ಪದ ಕಲಿಯಿರಿ.

ಅಜ್ಜಂಪುರದ ಅಮೃತಮಹಲ್ ತಳಿ ಕೇಂದ್ರ ನೋಡಲು ಹೋದವರು ಅಲ್ಲಿ ಹಾಲಿನ ಹೊಳೆಯಿದೆ ಎಂದುಕೊಳ್ಳುತ್ತಾರೆ. ಮೈಸೂರು ಅರಸರ ಕಾಲದಲ್ಲಿ 'ಬೆಣ್ಣೆ ಚಾವಡಿ' ಎನಿಸಿಕೊಂಡು ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆದ ಈ ದನಗಳು ಹೆಸರಾದದ್ದು ಹಾಲಿಗಲ್ಲ, ಎತ್ತುಗಳ ಓಟಕ್ಕೆ. ಹಾಲಿನದ್ದು ಹಾಗಾದರೆ ಮಜ್ಜಿಗೆಯದ್ದು ಇನ್ನೊಂದು ಕಥೆ: ಊರಿನಲ್ಲಿ ಪ್ರೀತಿಯಿಂದ ಕೊಡುವ ಮಜ್ಜಿಗೆಯಲ್ಲಿ ಮೊಸರಿಗಿಂತ ನೀರೇ ಹೆಚ್ಚು ಎಂಬುದನ್ನು ಮರೆಯಬೇಡಿ, ಶುದ್ಧ ನೀರಿನ ಘಟಕದ್ದೇ ಎಂದು ಕೇಳುವುದರಲ್ಲಿ ಸಂಕೋಚವಿಲ್ಲ.

ಪಾನಕ ಇನ್ನೂ ಸೂಕ್ಷ್ಮ. ಅಜ್ಜಂಪುರ ತಾಲ್ಲೂಕಿನ ಅಂತರಘಟ್ಟೆಯ ದುರ್ಗಾಂಬಾ ಜಾತ್ರೆ ಪಾನಕದ ಗಾಡಿಗಳಿಗೆ ಹೆಸರಾದದ್ದು. ಎತ್ತಿನ ಗಾಡಿ ಕಟ್ಟಿಕೊಂಡು ಊರೂರಿನವರು ಬರುತ್ತಾರೆ. ಅಲ್ಲಿ ಕೊಡುವ ಪಾನಕವನ್ನು ಬೇಡ ಎನ್ನುವ ಧೈರ್ಯ ನನಗಂತೂ ಇಲ್ಲ, ಅಮ್ಮನ ಪ್ರಸಾದ. ಬೆಲ್ಲ, ನಿಂಬೆ, ಏಲಕ್ಕಿ, ಮೆಣಸು ರೋಗವನ್ನು ಕೊಲ್ಲುತ್ತವೆ ಎಂಬ ನಂಬಿಕೆ ಇದೆ. ನಿಂಬೆಯ ಹುಳಿ ಕೊಂಚ ತಡೆಯಬಹುದು, ಕೆಟ್ಟ ನೀರನ್ನು ಒಳ್ಳೆಯದು ಮಾಡಲಾರದು. ಪಾನಕ ಮಾಡುವವರೇ ಹಿಂದಿನ ದಿನ ನೀರು ಕುದಿಸಿ ಆರಿಸಿಟ್ಟರೆ, ಅಥವಾ ಘಟಕದ ನೀರು ತುಂಬಿ ಮುಚ್ಚಿ ತಂದರೆ ಸಾಕು. ಕುದಿಯೆಂದರೆ ಗುಳ್ಳೆ ಕೊತಕೊತ ಎದ್ದು ಪೂರ್ತಿ ಒಂದು ನಿಮಿಷ. ಪಾನಕದ ಹಂಡೆಗೆ ಕುಡಿದ ಲೋಟವನ್ನು ಮತ್ತೆ ಅದ್ದಬಾರದು, ಉದ್ದ ಹಿಡಿಯ ಸೌಟು ಇಡಬೇಕು. ಪ್ರಸಾದ ಬೇಕು, ಮಗು ಚಿಕ್ಕದು ಎಂದಾದರೆ ತೀರ್ಥದಷ್ಟು ಕೈಗೆ ಹಾಕಿಸಿಕೊಂಡು ತಲೆಗೆ ಸವರಿ. ನಮ್ಮಜ್ಜಿ ಹಾಗೇ ಮಾಡುತ್ತಿದ್ದರು, ಕಾರಣ ಕೇಳಿದರೆ ಬೇರೆ ಹೇಳುತ್ತಿದ್ದರು.

ತರೀಕೆರೆಯಿಂದ ಕಲ್ಲತ್ತಿಗಿರಿ, ಕೆಮ್ಮಣ್ಣುಗುಂಡಿ ಕಡೆ ಹೋಗುವವರಿಗೆ ಒಂದು ಮಾತು. ಮಲೆಯ ಝರಿ ಎಷ್ಟೇ ತಿಳಿಯಾಗಿರಲಿ, ಮೇಲೆ ದನವೂ ಇದೆ, ಜನವೂ ಇದೆ. ನೀರನ್ನು ಕೆಳಗಿನಿಂದಲೇ ಒಯ್ಯಿರಿ.

ಬ್ಯಾಂಕಾಕಿನಲ್ಲೂ ಅದೇ ಬಕೆಟ್

ಕಡೂರಿನ ಗಾಡಿಯನ್ನು ನೋಡಲು ಕಲಿತವನು ಎಲ್ಲಿ ಹೋದರೂ ಬದುಕುತ್ತಾನೆ. ಮೊದಲ ಸಲ ಬ್ಯಾಂಕಾಕಿಗೆ ಹೋದಾಗ ನಾನು ಬೀದಿಗೆ ಹೆದರಿ ನಾಲ್ಕು ದಿನ ಹೋಟೆಲಿನ ಬಫೆಯಲ್ಲೇ ಉಂಡೆ, ಮೂರನೆಯ ದಿನ ಅದೇ ಬಫೆಯ ತಣ್ಣನೆ ಸಲಾಡ್ ನನ್ನನ್ನು ಮಲಗಿಸಿತು. ಬೀದಿಯಲ್ಲಿ ಕಬ್ಬಿಣದ ಬಾಣಲೆಗೆ ಬೆಂಕಿ ಹತ್ತುವಷ್ಟು ಉರಿಯಲ್ಲಿ ನೂಡಲ್ಸ್ ಹುರಿಯುತ್ತಿದ್ದವರ ಮುಂದೆ ನಿಂತಿದ್ದರೆ ಏನೂ ಆಗುತ್ತಿರಲಿಲ್ಲವೇನೋ. ಅಲ್ಲಿ ನಡುವೆ ತೂತಿರುವ ಕೊಳವೆಯಾಕಾರದ ಐಸು ಸಾಮಾನ್ಯವಾಗಿ ಕಾರ್ಖಾನೆಯಲ್ಲಿ ಮಾಡಿದ್ದು, ಕುಟ್ಟಿದ ಗಡ್ಡೆಗಿಂತ ಅದು ವಾಸಿ. ಸಸ್ಯಾಹಾರಿಗಳಿಗೆ ಹೊಟ್ಟೆಗಿಂತ ಮೀನಿನ ಸಾಸ್ ದೊಡ್ಡ ಗೊಂದಲ. ಹಳದಿ ಬಾವುಟದ ಮೇಲೆ ಕೆಂಪಕ್ಷರದಲ್ಲಿ 'ಜೇ' ಎಂದಿದ್ದರೆ ಮೀನು, ಮಾಂಸ, ಮೊಟ್ಟೆ ಇಲ್ಲ.

ಸಿಂಗಪುರದಲ್ಲಿ ಬೀದಿ ವ್ಯಾಪಾರಿಗಳನ್ನು 1970-80ರ ದಶಕಗಳಲ್ಲೇ ನಲ್ಲಿ, ಚರಂಡಿ ಇರುವ ಸೂರಿನಡಿಗೆ ಸ್ಥಳಾಂತರಿಸಿದರು. ಆ ಹಾಕರ್ ಸಂಸ್ಕೃತಿಯನ್ನು ಯುನೆಸ್ಕೊ 2020ರಲ್ಲಿ ತನ್ನ ಪಟ್ಟಿಗೆ ಸೇರಿಸಿತು. ಮಲೇಷ್ಯಾದಲ್ಲಿ ಆಹಾರ ಮುಟ್ಟುವ ಕೆಲಸಗಾರರಿಗೆ ಟೈಫಾಯ್ಡ್ ಲಸಿಕೆ ಕಡ್ಡಾಯ. ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಫುಡ್ ಕೋರ್ಟ್ ಕಟ್ಟುವ ಮಾತಾಡುವವರು ಟೈಲ್ಸಿನ ಬಣ್ಣಕ್ಕಿಂತ ಮೊದಲು ಗಾಡಿಗೊಂದು ನಲ್ಲಿ ಕೊಟ್ಟರೆ ಅರ್ಧ ಕಾಯಿಲೆ ಅಲ್ಲೇ ನಿಂತೀತು.

ಕೆಟ್ಟಿತು ಎಂದಾಗ

ನಮ್ಮ ಮನೆಯ ಮಕ್ಕಳಿಗೆ ಆ ರಾತ್ರಿ ಬೇಕಾಗಿದ್ದದ್ದು ಓಆರ್‌ಎಸ್, ಆದರೆ ಮೆಡಿಕಲ್ ಶಾಪಿನಿಂದ ತಂದದ್ದು ಹಣ್ಣಿನ ರುಚಿಯ ಸಿಹಿ ಪಾನೀಯದ ಡಬ್ಬಿ. ಇಂಥ ಪಾನೀಯಗಳ ಹೆಸರಿನಲ್ಲಿ ಓಆರ್‌ಎಸ್ ಎಂಬ ಪದ ಬಳಸಬಾರದೆಂದು ಎಫ್‌ಎಸ್‌ಎಸ್‌ಎಐ 2025ರ ಅಕ್ಟೋಬರಿನಲ್ಲಿ ಆದೇಶ ಹೊರಡಿಸಿದೆ. ಸಕ್ಕರೆ ಜಾಸ್ತಿಯಾದರೆ ಭೇದಿ ಇನ್ನೂ ಏರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪುಡಿ ಪೊಟ್ಟಣವನ್ನೇ ಕೇಳಿ, ಅದರ ಮೇಲೆ ಒಂದು ಲೀಟರಿಗೋ 200 ಮಿಲಿಗೋ ಎಂದು ಬರೆದಿರುತ್ತದೆ, ಓದಿ ಅಷ್ಟೇ ನೀರಿಗೆ ಬೆರೆಸಿ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿದ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಚಮಚದಲ್ಲಿ ಮತ್ತೆ ಶುರುಮಾಡಿ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಡಾ. ದಿಲೀಪ್ ಮಹಾಲನಬಿಸ್ ಕಾಲರಾ ರೋಗಿಗಳನ್ನು ಉಳಿಸಿದ್ದು ಇಂಥ ಉಪ್ಪು ಸಕ್ಕರೆಯ ನೀರಿನಿಂದಲೇ. ಊಟ ನಿಲ್ಲಿಸಬೇಡಿ, ಗಂಜಿ, ಬಾಳೆಹಣ್ಣು, ಮೊಸರನ್ನ ನಡೆಯುತ್ತದೆ. ಮಕ್ಕಳಿಗೆ ವೈದ್ಯರು ಹೇಳಿದಷ್ಟು ದಿನ ಜಿಂಕ್ ಮಾತ್ರೆ ಕೊಡಿ.

ಭೇದಿ ನಿಲ್ಲಿಸುವ ಮಾತ್ರೆಯನ್ನು ಮಕ್ಕಳಿಗೆ, ಜ್ವರ ಅಥವಾ ರಕ್ತ ಇರುವವರಿಗೆ ನಾವೇ ಕೊಡಕೂಡದು. ಆ್ಯಂಟಿಬಯೋಟಿಕ್ಕೂ ಅಷ್ಟೇ. ಮಲದಲ್ಲಿ ರಕ್ತ, ಏರಿದ ಜ್ವರ, ಕುಡಿದದ್ದೆಲ್ಲ ವಾಂತಿ, ಆರೇಳು ಗಂಟೆ ಮೂತ್ರವಿಲ್ಲ, ಮಗುವಿನ ಕಣ್ಣು ಗುಳಿಬಿದ್ದು ಮಂಕಾದರೆ ತಡಮಾಡದೆ ಆಸ್ಪತ್ರೆಗೆ, ಇಲ್ಲವೇ 108 ಆಂಬುಲೆನ್ಸಿಗೆ ಕರೆ.

ಮರಳಿ ಹೋದಮೇಲೆ ಒಂದೆರಡು ತಿಂಗಳೊಳಗೆ ಜ್ವರವೋ ಕಾಮಾಲೆಯೋ ಬಂದರೆ ಅಲ್ಲಿನ ವೈದ್ಯರಿಗೆ ಮೊದಲ ಮಾತೇ "ಭಾರತಕ್ಕೆ ಹೋಗಿ ಬಂದೆ" ಎಂದಿರಲಿ. ಅಕ್ಕನ ಮಗಳು ಹೋಗಿ ಮೂರು ವಾರಕ್ಕೆ ಫೋನ್ ಮಾಡಿದಳು, ಚಿಕ್ಕವನಿಗೆ ಜ್ವರ. ಹೇಳಬೇಕಾದ್ದನ್ನು ಹೇಳಿ ರಕ್ತಪರೀಕ್ಷೆ ಮಾಡಿಸಿದ್ದಳು. ಶಾಲೆಯಿಂದ ಹತ್ತಿದ ಫ್ಲೂ ಎಂದು ಗೊತ್ತಾಯಿತು. ಅವಳ ಗಂಡ ಮಾತ್ರ ಮಂಡಕ್ಕಿ ಗಾಡಿಯನ್ನು ಇನ್ನೂ ಕ್ಷಮಿಸಿಲ್ಲ.